ಅವರ ಹಾಡು ನನಗಾಗದು, ನನ್ನ ಹಾಡು ಅವರಿಗಾಗದು: ಏನು ಮಾಡಲಿ?

ಪ್ರಶ್ನೆ: ನಾನು ಕಲಬುರಗಿಯವಳು, ನಮ್ಮ ಯಜಮಾನರು ಹುಮನಾಬಾದ್ ಕಡೆಯವರು. ಮೂರು ವರ್ಷ ಪ್ರೀತಿಸಿ ಮದುವೆಯಾದೆವು, ಈಗ ಹತ್ತು ತಿಂಗಳು. ಜೇವರ್ಗಿ ರಸ್ತೆ ಕಡೆ ಎರಡು ಕೋಣೆಯ ಬಾಡಿಗೆ ಮನೆ, ಇಬ್ಬರೂ ನೌಕರಿ ಮಾಡುತ್ತೇವೆ. ನಾನು ಚಿಕ್ಕಂದಿನಿಂದ ಹಿಂದೂಸ್ತಾನಿ ಕಲಿತವಳು. ರಾಗ ಬೆಳೆಸಿ ಹಾಡುವ ಖಯಾಲ್, ವಚನ ಗಾಯನ ಕೇಳುತ್ತೇನೆ. ಅವರಿಗೆ ನಮ್ಮ ಕಡೆಯ ಜಾನಪದ ಡಿಜೆ ಹಾಡುಗಳೇ ಆಗಬೇಕು, ಅದೂ ಕಿಟಕಿ ಗಾಜು ನಡುಗುವ ಹಾಗೆ. ಹದಿನೈದು ದಿನಕ್ಕೊಮ್ಮೆ ಕಾರಿನಲ್ಲಿ ಹುಮನಾಬಾದಿಗೆ ಹೋಗುವಾಗ ಜಗಳ ಖಾಯಂ. ‘ಒಂದು ನಿಂದು, ಒಂದು ನಂದು’ ಎಂದು ಮಾಡಿಕೊಂಡೆವು, ಅದೂ ನಿಲ್ಲಲಿಲ್ಲ. ರಾತ್ರಿ ಅವರಿಗೆ ಹಾಡು ಹಚ್ಚದೆ ನಿದ್ದೆ ಬರದು, ಹಚ್ಚಿದರೆ ನನಗೆ ಬರದು. ಹೋದ ತಿಂಗಳು ಗೆಳೆಯರ ಮುಂದೆ ‘ಇಕಿ ಹಾಡು ಕೇಳಿದ್ರ ಹಲ್ಲು ನೋವು ಬಂದವರು ನರಳಿದಂಗ ಆಗ್ತದ’ ಎಂದು ನಕ್ಕರು. ನಾನೂ ಬಿಡಲಿಲ್ಲ, ‘ನಿಮ್ಮದು ಹಳ್ಳಿ ಗದ್ದಲ’ ಎಂದೆ. ಮೂರು ದಿನ ಮಾತಿಲ್ಲ. ಆಮೇಲೆ ಸ್ಪಾಟಿಫೈ ಆ್ಯಪ್‌ನಲ್ಲಿ ಇಬ್ಬರ ಹಾಡುಗಳನ್ನು ಬೆರೆಸುವ ಬ್ಲೆಂಡ್ ಮಾಡಿ ನೋಡಿದರೆ ಇಬ್ಬರ ಹೊಂದಿಕೆ ಶೇ 19 ಎಂದು ತೋರಿಸಿತು. ನಮ್ಮ ಮನಸ್ಸೇ ಕೂಡುವುದಿಲ್ಲವೇನೋ ಅನಿಸುತ್ತಿದೆ. ಅವರಿಗೆ ಒಳ್ಳೆಯ ಸಂಗೀತದ ರುಚಿ ಹಚ್ಚುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಕಾರಿನದು ಒಂದು, ಮನೆಯ ಆವಾಜಿನದು ಒಂದು, ರಾತ್ರಿಯದು ಒಂದು, ಗೆಳೆಯರ ಮುಂದೆ ಆಡಿದ ಮಾತಿನದು ಮತ್ತೊಂದು. ಮೊದಲ ಮೂರಕ್ಕೂ ರುಚಿಗೂ ಸಂಬಂಧ ಕಡಿಮೆ. ಎಲ್ಲಿ, ಎಷ್ಟು ಹೊತ್ತು, ಎಷ್ಟು ಜೋರು, ಫೋನು ಯಾರ ಕೈಯಲ್ಲಿ ಎಂಬುದನ್ನು ಗೊತ್ತುಮಾಡಿಕೊಂಡರೆ ಅವು ಒಂದು ತಿಂಗಳೊಳಗೆ ತಿಳಿಯಾಗುತ್ತವೆ. ನಾಲ್ಕನೆಯದೇ ಗಂಭೀರ. ನೀವಿಬ್ಬರೂ ಎಲ್ಲವನ್ನೂ ‘ನಮ್ಮ ರುಚಿ ಬೇರೆ’ ಎಂಬ ಒಂದೇ ಗಂಟಿಗೆ ಕಟ್ಟಿದ್ದೀರಿ, ಅದಕ್ಕೇ ಬಿಚ್ಚಲು ಬರುತ್ತಿಲ್ಲ.

ಮೊದಲು ಆ ಶೇ 19ರ ಭಯ ಬಿಡಿ. ಬ್ಲೆಂಡ್ ನೋಡುವುದು ಆ ಆ್ಯಪ್‌ನಲ್ಲಿ ನೀವು ಕೇಳಿದ್ದನ್ನು ಮಾತ್ರ. ಯೂಟ್ಯೂಬಿನಲ್ಲಿ ಕೇಳಿದ ಕಛೇರಿ, ಪೆನ್‌ಡ್ರೈವಿನ ವಚನ, ಆಕಾಶವಾಣಿಯಲ್ಲಿ ಕಿವಿಗೆ ಬಿದ್ದದ್ದು ಯಾವುದೂ ಅದರ ಲೆಕ್ಕಕ್ಕಿಲ್ಲ. ಅವರು ನಿಮ್ಮ ಫೋನಿನಲ್ಲಿ ಹಚ್ಚಿದ್ದು ನಿಮ್ಮ ಖಾತೆಗೆ ಸೇರಿರುತ್ತದೆ. ಅಲ್ಲಿ 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಲೆಕ್ಕ; ಅರ್ಧ ತಾಸಿನ ಖಯಾಲ್ ಒಂದು ಮುಗಿಯುವಷ್ಟರಲ್ಲಿ ಅವರ ಏಳೆಂಟು ಹಾಡು ಮುಗಿದಿರುತ್ತವೆ. ಎರಡು ಖಾತೆ ಬೇರೆ ಮಾಡಿಕೊಳ್ಳಿ. ಒಬ್ಬರ ಫೋನಿನಲ್ಲಿ ಇನ್ನೊಬ್ಬರು ಕೇಳುವಾಗ ಪ್ರೈವೇಟ್ ಸೆಷನ್ ಹಾಕಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಪಟ್ಟಿಯಲ್ಲಿ ಬಯಸದ ಡಿಜೆ, ಅವರ ಪಟ್ಟಿಯಲ್ಲಿ ಬಯಸದ ಆಲಾಪ ಬಂದು ಕೂತು ದಿನವೂ ಇಬ್ಬರನ್ನೂ ಕೆಣಕುತ್ತದೆ.

ಪರಿಚಯದ ಮೊದಲ ದಿನಗಳಲ್ಲಿ ಹಾಡಿನ ರುಚಿಗೆ ಬೆಲೆ ಇರುವುದು ನಿಜ. ಅಪರಿಚಿತರು ಒಬ್ಬರನ್ನೊಬ್ಬರು ಅರಿಯುವಾಗ ಹೆಚ್ಚಾಗಿ ಮಾತಾಡುವ ವಿಷಯಗಳಲ್ಲಿ ಸಂಗೀತ ಮುಂದಿರುತ್ತದೆ ಎಂದು 2006ರ ಒಂದು ಅಧ್ಯಯನ ತೋರಿಸಿದೆ. ಎದುರಿನವರ ಸ್ವಭಾವ ತಿಳಿಯಲು ಆಗ ನಮ್ಮ ಬಳಿ ಬೇರೆ ಗುರುತು ಇರುವುದಿಲ್ಲ, ಹಾಡಿನ ಪಟ್ಟಿಯನ್ನೇ ನೋಡುತ್ತೇವೆ. ನೀವು ಮೂರು ವರ್ಷ ಜೊತೆ ಓಡಾಡಿದವರು, ಹತ್ತು ತಿಂಗಳು ಒಂದೇ ಸೂರಿನಡಿ ಇದ್ದವರು. ಅವರು ಕಷ್ಟದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ, ನಿಮ್ಮ ತವರಿನವರನ್ನು ಹೇಗೆ ಕಾಣುತ್ತಾರೆ, ದುಡ್ಡಿನ ವಿಷಯದಲ್ಲಿ ಹೇಗೆ ಎಂಬುದು ಕಣ್ಣೆದುರೇ ಇರುವಾಗ ಹಾಡಿನ ಗುರುತಿನ ಕೆಲಸ ಮುಗಿದಿದೆ.

ಈಗ ಕಾರು. ‘ಒಂದು ನಿಂದು, ಒಂದು ನಂದು’ ಏಕೆ ನಿಲ್ಲಲಿಲ್ಲ ನೋಡಿ. ಕಲಬುರಗಿಯಿಂದ ಹುಮನಾಬಾದ್ ಸುಮಾರು ಒಂದೂವರೆ ತಾಸಿನ ದಾರಿ. ನಿಮ್ಮ ಒಂದು ಖಯಾಲ್ 25 ನಿಮಿಷ, ಅವರ ಒಂದು ಹಾಡು 5 ನಿಮಿಷ ಎಂದಿಟ್ಟುಕೊಳ್ಳಿ. ಎಣಿಕೆಯಲ್ಲಿ ಸಮ ಹಂಚಿದರೂ 90 ನಿಮಿಷದಲ್ಲಿ ನಿಮಗೆ 75, ಅವರಿಗೆ 15. ಅವರು ಸಿಟ್ಟಾಗುವುದು ಸಹಜ. ಅವರ ಸಮಾಧಾನಕ್ಕೆ ನೀವು ಐದೇ ನಿಮಿಷಕ್ಕೆ ನಿಲ್ಲಿಸಿದರೆ ರಾಗ ಇನ್ನೂ ಕಣ್ಣು ಬಿಡುತ್ತಿರುವಾಗಲೇ ಬಂದ್ ಆಗಿ ನಿಮ್ಮ ಮನಸ್ಸು ಮುದುಡುತ್ತದೆ. ಹಾಡಿನ ಲೆಕ್ಕ ಬಿಟ್ಟು ದಾರಿಯ ಲೆಕ್ಕ ಇಟ್ಟುಕೊಳ್ಳಿ: ಕಮಲಾಪುರದವರೆಗೆ ಒಬ್ಬರದು, ಅಲ್ಲಿಂದ ಹುಮನಾಬಾದಿನವರೆಗೆ ಇನ್ನೊಬ್ಬರದು, ಬರುವಾಗ ತಿರುವುಮುರುವು. ಯಾರ ಪಾಳಿಯೋ ಅವರ ಪಟ್ಟಿ. ಇನ್ನೊಬ್ಬರು ಹಾಡನ್ನು ಮುಂದೆ ಓಡಿಸುವ ಹಾಗಿಲ್ಲ, ಆವಾಜು ಕಡಿಮೆ ಮಾಡಲು ಕೇಳಬಹುದು. ಸ್ಟೇರಿಂಗ್ ಹಿಡಿದವರಿಗೆ ಮಾತ್ರ ಒಂದು ಹೆಚ್ಚಿನ ಹಕ್ಕಿರಲಿ. ನಿದ್ದೆ ಎಳೆಯುತ್ತಿದ್ದರೆ ಅಥವಾ ಟ್ರಾಫಿಕ್ಕಿನಲ್ಲಿ ತಲೆ ಕೆಡುತ್ತಿದ್ದರೆ ಅವರು ‘ಬಂದ್ ಮಾಡು’ ಎಂದು ಹೇಳಬಹುದು. ಹಾಗೆ ಬಂದ್ ಮಾಡಿಸಿದರೆ ಆ ಹೊತ್ತು ಮೌನದ್ದು, ತಮ್ಮ ಹಾಡು ಹಾಕಿಕೊಳ್ಳಲು ಅದು ದಾರಿಯಾಗಬಾರದು. ಈ ಒಂದು ಕಟ್ಟು ಇಲ್ಲದಿದ್ದರೆ ಚಾಲಕರ ಹಕ್ಕು ಎರಡನೇ ವಾರಕ್ಕೇ ದುರುಪಯೋಗವಾಗುತ್ತದೆ. ಪಟ್ಟಿಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್‌ವರ್ಕ್ ಹೋದಾಗ ಫೋನು ಕೈಗೆ ಬರುತ್ತದೆ, ಫೋನು ಕೈಗೆ ಬಂದಾಗಲೇ ಹೆಚ್ಚಿನ ವಾಗ್ವಾದ ಶುರುವಾಗುವುದು.

ಕಾರಿನ ಬಗ್ಗೆ ಇನ್ನೊಂದು ಮಾತನ್ನು ನೀವು ಒಪ್ಪಿಕೊಳ್ಳಬೇಕು: ಓಡುವ ಸಣ್ಣ ಕಾರು ನಿಧಾನ ಲಯದ ವಿಲಂಬಿತ ಖಯಾಲಿಗೆ ತಕ್ಕ ಜಾಗವಲ್ಲ. ಟೈರು, ಗಾಳಿ, ಎಂಜಿನ್ನಿನ ಸದ್ದು ತಂಬೂರಿಯನ್ನೂ ಮಂದ್ರದ ತಗ್ಗು ಸ್ವರಗಳನ್ನೂ ನುಂಗಿಬಿಡುತ್ತದೆ. ಕೇಳಿಸಲೆಂದು ನೀವು ಆವಾಜು ಏರಿಸುತ್ತೀರಿ. ಹತ್ತು ನಿಮಿಷದ ನಂತರ ಅದೇ ಆವಾಜಿನಲ್ಲಿ ಎತ್ತರದ ತಾರ ಸಪ್ತಕದ ತಾನ್ (ಸ್ವರಗಳ ವೇಗದ ಓಟ) ಬರುತ್ತದೆ, ಪಕ್ಕದವರಿಗೆ ಕಿವಿಯಲ್ಲಿ ಕಿರುಚಿದ ಹಾಗಾಗುತ್ತದೆ. ಡಿಜೆ ಹಾಡುಗಳು ಶುರುವಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಗಟ್ಟಿತನದಲ್ಲಿರುವ ಹಾಗೆ ಒತ್ತಿ ತಯಾರಾಗಿರುತ್ತವೆ, ರಸ್ತೆಯ ಸದ್ದಿನ ಮೇಲೂ ನಿಲ್ಲುತ್ತವೆ. ನಿಮ್ಮವರಿಗೆ ಈವರೆಗೆ ಕೇಳಿಸಿರುವ ಖಯಾಲಿನಲ್ಲಿ ಹೆಚ್ಚಿನದು ಈ ಕಾರಿನದೇ ಆಗಿದ್ದರೆ, ಅವರು ಖಯಾಲನ್ನು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ. ಕಾರಿನಲ್ಲಿ ನಿಮ್ಮ ಪಾಳಿಗೆ ವಚನ, ದಾಸರ ಪದ, ಅಭಂಗ, ಮಧ್ಯಲಯ ಮತ್ತು ದ್ರುತ್ (ವೇಗದ) ಬಂದಿಶ್‌ಗಳನ್ನು ಇಟ್ಟುಕೊಳ್ಳಿ. ನಿಧಾನದ ಬಡಾ ಖಯಾಲು ಮನೆಗಿರಲಿ. ಮ್ಯೂಸಿಕ್ ಸಿಸ್ಟಮ್ಮಿನಲ್ಲಿ ಅವರು ಬಾಸ್ ಏರಿಸಿಟ್ಟಿದ್ದರೆ ನಿಮ್ಮ ಪಾಳಿಯಲ್ಲಿ ಅದನ್ನು ನಡುವಿಗೆ ತನ್ನಿ, ಇಲ್ಲದಿದ್ದರೆ ತಬಲಾದ ಎಡಗೈಯ ಡಗ್ಗಾ ಗುಮ್ಮೆಂದು ಹಾಡುವವರ ದನಿಯನ್ನೇ ಮುಚ್ಚುತ್ತದೆ.

ಒಂದು ಹಾಡಿನಿಂದ ಇನ್ನೊಂದಕ್ಕೆ ಹೋದಾಗ ಆವಾಜು ಧಡಕ್ಕನೆ ಏರುವುದು ಬೇಸರದ ಇನ್ನೊಂದು ಮೂಲ. ಸ್ಪಾಟಿಫೈ ಸೆಟ್ಟಿಂಗ್ಸ್‌ನಲ್ಲಿ ನಾರ್ಮಲೈಸೇಶನ್ ಎಂಬುದನ್ನು ಚಾಲೂ ಮಾಡಿದರೆ ಎಲ್ಲ ಹಾಡುಗಳನ್ನೂ ಒಂದೇ ಮಟ್ಟದ ಹತ್ತಿರಕ್ಕೆ ತರುತ್ತದೆ. ಯೂಟ್ಯೂಬ್ ಜೋರಾದದ್ದನ್ನು ಇಳಿಸುತ್ತದೆ, ಮೆಲ್ಲಗಿದ್ದುದನ್ನು ಏರಿಸುವುದಿಲ್ಲ. ಹಾಗಾಗಿ ಅಲ್ಲಿ ಹಳೆಯ ಕಛೇರಿಯ ನಂತರ ಹೊಸ ಹಾಡು ಬಂದರೆ ಬೆಚ್ಚಿಬೀಳುವುದು ತಪ್ಪದು. ಮಿಶ್ರ ಪಟ್ಟಿಯನ್ನು ಯೂಟ್ಯೂಬಿನಲ್ಲಿ ಕಟ್ಟಬೇಡಿ.

ಮನೆಗೆ ಬರೋಣ. ನಮ್ಮ ಕಡೆಯ ಬೇಸಿಗೆಯಲ್ಲಿ ನಾಲ್ಕು ತಿಂಗಳು ಕೂಲರ್ ಓಡಲೇಬೇಕು. ಕೂಲರಿನ ಸದ್ದಿನ ಮೇಲೆ ಹಾಡು ಕೇಳಿಸಬೇಕೆಂದರೆ ಆವಾಜು ಏರುತ್ತದೆ, ಅದರ ಮೇಲೆ ಮಾತಾಡಬೇಕೆಂದರೆ ದನಿ ಏರುತ್ತದೆ, ದನಿ ಏರಿದಾಗ ಸಾದಾ ಮಾತೂ ಜಗಳದಂತೆ ಕೇಳುತ್ತದೆ. ಇದಕ್ಕೆ ಉಪಾಯ ಸ್ಪೀಕರನ್ನು ಕೇಳುವವರ ಹತ್ತಿರ ತರುವುದು. ಕೋಣೆಯ ಆಚೆ ತುದಿಯಲ್ಲಿ ದೊಡ್ಡ ಬಾಕ್ಸ್ ಹಚ್ಚುವ ಬದಲು ಮೂರು ನಾಲ್ಕು ಅಡಿ ದೂರದಲ್ಲಿ ಚಿಕ್ಕದನ್ನು ಇಟ್ಟುಕೊಂಡರೆ ಅರ್ಧ ಆವಾಜಿಗೇ ಅವರಿಗೆ ಸಾಕಾಗುತ್ತದೆ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗ ಒಂದು ಅಳತೆ ಇಟ್ಟುಕೊಳ್ಳಿ: ಒಂದು ಮಾರು ದೂರದಿಂದ ಸಹಜ ದನಿಯಲ್ಲಿ ಆಡಿದ ಮಾತು ಕೇಳಿಸಬೇಕು. ಕೇಳಿಸದಿದ್ದರೆ ಅದು ಜೋರು, ಯಾರ ಹಾಡೇ ಆಗಿರಲಿ.

ಬಾಗಿಲು ಮುಚ್ಚಿದರೂ ಪಕ್ಕದ ಕೋಣೆಗೆ ‘ಧಪ್ ಧಪ್’ ಬರುತ್ತದೆ ಎಂಬ ದೂರು ಇಂಥ ಮನೆಗಳಲ್ಲಿ ಸಾಮಾನ್ಯ. 60 ಹರ್ಟ್ಸ್‌ನ ಬಾಸ್ ಅಲೆಯ ಉದ್ದ ಸುಮಾರು 19 ಅಡಿ. ಸಾದಾ ಬಾಗಿಲು, ತೆಳು ಗೋಡೆ ಅದನ್ನು ತಡೆಯಲಾರವು. ಹಾಡಿನ ಮೇಲಿನ ಭಾಗ ಕತ್ತರಿಸಿಹೋಗಿ ಬರೀ ಗುದ್ದು ಉಳಿಯುವುದರಿಂದ ಆಚೆ ಕೂತವರಿಗೆ ಅದು ಇನ್ನೂ ಅಸಹ್ಯವೆನಿಸುತ್ತದೆ. ಬಾಕ್ಸನ್ನು ಕೋಣೆಯ ಮೂಲೆಯಿಂದ ಹೊರಗೆ ತನ್ನಿ, ಗೋಡೆಯಿಂದ ಒಂದೂವರೆ ಎರಡು ಅಡಿ ಬಿಡಿ; ಮೂಲೆಯಲ್ಲಿದ್ದರೆ ಬಾಸ್ ತಾನಾಗಿ ಹೆಚ್ಚುತ್ತದೆ. ಕೆಳಗೆ ದಪ್ಪ ರಬ್ಬರ್ ಹಾಸು ಹಾಕಿ. ಅಲಮಾರಿಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಇಡಬೇಡಿ, ಗಾಜು ನಡುಗುವುದು ಅದರಿಂದಲೇ ಇರಬಹುದು. ಅವರ ಇಷ್ಟದ ಬಾಸನ್ನು ಹೆಚ್ಚು ಕಳೆಯದೆ ನಿಮ್ಮ ತಲೆನೋವು ಇಷ್ಟರಿಂದಲೇ ಇಳಿಯುತ್ತದೆ. ರಾತ್ರಿ 10ರ ನಂತರ ವಸತಿ ಪ್ರದೇಶದಲ್ಲಿ ಕಾನೂನಿನ ಮಿತಿ 45 ಡೆಸಿಬಲ್ ಎಂಬುದನ್ನೂ ಅವರಿಗೆ ಹೇಳಿ, ಬಾಡಿಗೆ ಮನೆಯಲ್ಲಿ ಅದು ನೆರೆಯವರ ಪ್ರಶ್ನೆಯೂ ಹೌದು.

ಅವರಿಗೆ ಟಿವಿಯೂ ಜೋರಾಗಿಯೇ ಬೇಕೇ, ಮಾತನ್ನು ಎರಡೆರಡು ಸಲ ಕೇಳುತ್ತಾರೆಯೇ ಎಂದು ಗಮನಿಸಿ. ಹಾಗಿದ್ದರೆ ಇಎನ್‌ಟಿ ವೈದ್ಯರಲ್ಲಿ ಒಮ್ಮೆ ಆಡಿಯೋಮೆಟ್ರಿ (ಶ್ರವಣ ಪರೀಕ್ಷೆ) ಮಾಡಿಸಿ. ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ತಾಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ: 83ಕ್ಕೆ 20 ತಾಸು, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ತಾಸು. ಮದುವೆ ಮೆರವಣಿಗೆಯ ಡಿಜೆ ಮುಂದೆ ನಿಂತರೆ ವಾರದ ಪಾಲೆಲ್ಲ ಒಂದೇ ರಾತ್ರಿ ಖರ್ಚಾಗಿಬಿಡಬಹುದು. ಇದನ್ನು ಅವರ ಹಾಡಿನ ಮೇಲಿನ ದೂರಾಗಿ ಹೇಳಬೇಡಿ. ಇಯರ್‌ಫೋನ್ ಹಾಕಿ ಕೇಳುವ ಖಯಾಲಿಗೂ ಇದೇ ಲೆಕ್ಕ.

ರಾತ್ರಿಯದು ಸುಲಭ. ಆ್ಯಪ್‌ನ ಸ್ಲೀಪ್ ಟೈಮರನ್ನು 30 ನಿಮಿಷಕ್ಕೆ ಇಡಲಿ, ದಿಂಬಿನ ಪಕ್ಕ ಅತಿ ಕಡಿಮೆ ಆವಾಜು, ಡೌನ್‌ಲೋಡ್ ಮಾಡಿದ ಪಟ್ಟಿ. ಜಾಹೀರಾತು ಬರುವ ಉಚಿತ ಖಾತೆಯಲ್ಲಿ ನಿದ್ದೆ ಹತ್ತುವ ಹೊತ್ತಿಗೇ ಜಾಹೀರಾತು ಅರಚುತ್ತದೆ. ನಿಮಗೆ ನಿದ್ದೆ ಬಾರದಿರಲು ಹಾಡಿನ ಮಾತುಗಳೇ ಮುಖ್ಯ ಕಾರಣವಿರಬಹುದು, ಅರ್ಥವಾಗುವ ಭಾಷೆಯ ಮಾತನ್ನು ಮೆದುಳು ಬಿಟ್ಟುಕೊಡುವುದಿಲ್ಲ. ಮಾತಿಲ್ಲದ ಕೊಳಲು, ಶಹನಾಯಿ, ಸಾರಂಗಿಯನ್ನು ಹತ್ತು ರಾತ್ರಿ ಪ್ರಯೋಗ ಮಾಡಿ ನೋಡಿ. ಅದೂ ಆಗದಿದ್ದರೆ ಅವರಿಗೆ ದಿಂಬಿನ ಕೆಳಗಿಡುವ ಚಪ್ಪಟೆ ಸ್ಪೀಕರ್ ಸಿಗುತ್ತದೆ. ಇಯರ್‌ಬಡ್ ಹಾಕಿ ಮಗ್ಗುಲಾಗಿ ಮಲಗಿದರೆ ಕಿವಿ ನೋಯುತ್ತದೆ, ಅದನ್ನು ಒತ್ತಾಯಿಸಬೇಡಿ.

ಇನ್ನು ನಾಲ್ಕನೆಯದು. ‘ಹಲ್ಲು ನೋವು’ ಎಂದು ಅವರು, ‘ಹಳ್ಳಿ ಗದ್ದಲ’ ಎಂದು ನೀವು. ಎರಡರಲ್ಲಿ ನಿಮ್ಮ ಮಾತು ಹೆಚ್ಚು ಆಳಕ್ಕೆ ನೆಟ್ಟಿದೆ ಎಂದು ನೇರವಾಗಿಯೇ ಹೇಳಬೇಕಾಗಿದೆ. ಅವರು ನಿಮ್ಮ ಹಾಡಿನ ದನಿಯನ್ನು ಗೇಲಿ ಮಾಡಿದರು. ನೀವು ಅವರ ಊರನ್ನು, ಬೆಳೆದ ಓಣಿಯನ್ನು ಕೀಳು ಮಾಡಿದಿರಿ. ನಮ್ಮ ಭಾಗದಲ್ಲಿ ಹಾಡಿಗೆ ಮೇಲು ಕೀಳಿನ ಹಣೆಪಟ್ಟಿ ಬಲವಾಗಿ ಅಂಟಿದೆ. ಖಯಾಲ್ ಕಲಿತವರ ಮನೆಯದು, ಡೊಳ್ಳಿನ ಪದ ಕುರಿ ಕಾಯುವವರದು, ಹಲಗಿ ಇಂಥವರದು, ಖವ್ವಾಲಿ ಇಂಥ ಧರ್ಮದವರದು ಎಂದು ಜನ ಹಂಚಿಟ್ಟಿದ್ದಾರೆ. ಇಂಥಲ್ಲಿ ಹಾಡನ್ನು ಹೀಯಾಳಿಸಿದರೆ ಕೇಳಿಸಿಕೊಳ್ಳುವವರ ಕಿವಿಗೆ ತಂದೆ, ತಾಯಿ, ಜಾತಿ, ಊರು ಎಲ್ಲವನ್ನೂ ಹೀಯಾಳಿಸಿದ ಹಾಗೆ ಬೀಳುತ್ತದೆ. ಅವರ ತಪ್ಪು ಸಣ್ಣದಲ್ಲ: ವರ್ಷಗಟ್ಟಲೆ ನೀವು ಪಟ್ಟ ರಿಯಾಜಿನ ಶ್ರಮವನ್ನು ಮೂರನೆಯವರ ಮುಂದೆ ನಗೆಪಾಟಲು ಮಾಡಿದರು. ಇಬ್ಬರೇ ಇದ್ದಾಗ ಆಡಿದ್ದರೆ ಅದು ತಮಾಷೆಯಾಗಿ ಕರಗಬಹುದಿತ್ತು, ಗೆಳೆಯರ ಮುಂದೆ ಅದು ಅವಮಾನವಾಯಿತು.

ಇದಕ್ಕೆ ಎರಡು ಕಟ್ಟುಗಳನ್ನು ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಳ್ಳಿ. ಒಂದು, ಹೊರಗಿನವರ ಮುಂದೆ ಇನ್ನೊಬ್ಬರ ಹಾಡಿನ ಬಗ್ಗೆ ನಗೆಯಾಡುವುದಿಲ್ಲ. ಎರಡು, ‘ನನಗೆ ಸೇರದು’ ಎನ್ನಬಹುದು, ‘ಅದು ಸಂಗೀತವೇ ಅಲ್ಲ’ ಎನ್ನುವ ಹಾಗಿಲ್ಲ. ನಿಮ್ಮ ಪತ್ರದ ಕೊನೆಯ ಸಾಲಿನ ‘ಒಳ್ಳೆಯ ಸಂಗೀತ’ ಎಂಬ ಮಾತು ಎರಡನೆಯ ಕಟ್ಟಿನಲ್ಲೇ ಬರುತ್ತದೆ. ನೀವು ಮೊದಲು ಕ್ಷಮೆ ಕೇಳಿ, ಚಿಕ್ಕದಾಗಿ, ವಿವರಣೆ ಕೊಡದೆ: ‘ನಿಮ್ಮ ಊರಿಗೆ ಹಂಗ ಅನಬಾರದಿತ್ತು, ತಪ್ಪಾಯ್ತು’. ‘ಆದ್ರ ನೀವೂ...’ ಎಂದು ಮುಂದುವರಿಸಿದರೆ ಕೇಳಿದ ಕ್ಷಮೆ ಅಲ್ಲಿಗೇ ಕೆಟ್ಟಿತು. ನಿಮ್ಮ ನೋವನ್ನು ಮರುದಿನ ಬೇರೆಯಾಗಿ ಹೇಳಿ.

ಜಾನಪದ ಡಿಜೆ ಹಾಡುಗಳ ವಿಷಯದಲ್ಲಿ ಒಂದು ಆಕ್ಷೇಪ ಮಾತ್ರ ನಿಮ್ಮ ಹಕ್ಕು, ಅದನ್ನು ರುಚಿಯ ಜಗಳಕ್ಕೆ ಬೆರೆಸಬೇಡಿ. ಅವುಗಳಲ್ಲಿ ಕೆಲವು ಹೆಣ್ಣನ್ನು ಹೀನವಾಗಿ ಆಡುತ್ತವೆ, ಕೈಕೊಟ್ಟ ಹುಡುಗಿಯನ್ನು ಬೈಯುವುದೇ ಹಾಡಾಗಿರುತ್ತದೆ. ‘ಇಂಥವೆಲ್ಲ ಹೊಲಸು’ ಎಂದರೆ ಅವರು ಇಡೀ ಪಟ್ಟಿಯ ಪರ ವಾದಕ್ಕೆ ನಿಲ್ಲುತ್ತಾರೆ. ಹಾಡು ಹೆಸರಿಸಿ, ಸಾಲು ತೋರಿಸಿ: ‘ಈ ಸಾಲು ನನ್ನ ಮುಂದ ಬಂದ್ರ ನನಗ ಚುಚ್ಚತದ’ ಎನ್ನಿ. ಪ್ರೀತಿಸುವ ಮನುಷ್ಯ ಅಷ್ಟನ್ನು ಪಟ್ಟಿಯಿಂದ ತೆಗೆಯುತ್ತಾರೆ. ಇದರಲ್ಲಿ ನೀವು ಒಂದಿಷ್ಟೂ ಹಿಂಜರಿಯಬೇಕಿಲ್ಲ. ಇಬ್ಬರಲ್ಲಿ ಯಾರಿಗಾದರೂ ಹಳೆಯ ಪ್ರೀತಿಯ ನೆನಪು ಅಂಟಿರುವ ಹಾಡಿದ್ದರೆ ಅದರ ವಿಚಾರಣೆ ಬೇಡ. ಇಬ್ಬರೂ ಕೂಡಿ ಕೇಳುವ ಪಟ್ಟಿಯಿಂದ ಸುಮ್ಮನೆ ಹೊರಗಿಡಿ.

ಅವರಿಗೆ ಖಯಾಲಿನ ಬಾಗಿಲು ತೆರೆಯಬೇಕೆಂಬ ಆಸೆ ಒಳ್ಳೆಯದೇ. ಈವರೆಗೆ ನೀವು ತೆರೆದದ್ದು ಎಲ್ಲಕ್ಕಿಂತ ಭಾರವಾದ ಬಾಗಿಲು. ಡಿಜೆ ಹಾಡಿನ ಲಯ ನಿಮಿಷಕ್ಕೆ 120ರ ಆಸುಪಾಸು, ಅಂದರೆ ಅರ್ಧ ಸೆಕೆಂಡಿಗೆ ಒಂದು ಪೆಟ್ಟು. ಕಿರಾನಾ ಎಂಬ ಗಾಯನ ಪರಂಪರೆಯ ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ (ತಾಳದ ಎಣಿಕೆಗಳ) ಒಂದು ಆವರ್ತನಕ್ಕೇ, ಅಂದರೆ ಒಂದು ಸುತ್ತಿಗೇ, ಮುಕ್ಕಾಲು ನಿಮಿಷ, ಒಮ್ಮೊಮ್ಮೆ ಪೂರಾ ಒಂದು ನಿಮಿಷ ಹಿಡಿಯುತ್ತದೆ. ಪೆಟ್ಟಿಗೆ ಒಗ್ಗಿದ ಕಿವಿಗೆ ಅಲ್ಲಿ ಲಯವೇ ಕಾಣುವುದಿಲ್ಲ, ಬರೀ ‘ಎಳೆಯುವುದು’ ಕೇಳುತ್ತದೆ. ಅವರು ನರಳಿಕೆ ಎಂದದ್ದರ ಹಿಂದೆ ಈ ಕಾರಣ ಇದೆ. ಆದ್ದರಿಂದ ಲಯದ ಕಡೆಯಿಂದ ಕರೆದುಕೊಂಡು ಬನ್ನಿ.

ಮೊದಲ ಎರಡು ವಾರ ದ್ರುತ್ ತೀನ್‌ತಾಲದ ತರಾನಾ ಒಂದು, ತಬಲಾ ಸೋಲೋ ಒಂದು. ತಲಾ ಐದಾರು ನಿಮಿಷ ಮೀರದಂಥವು. ತರಾನಾದಲ್ಲಿ ಅರ್ಥ ಹುಡುಕುವ ಗೋಜಿಲ್ಲ, ಅಕ್ಷರಗಳೇ ತಾಳದೊಡನೆ ಓಡುತ್ತವೆ. ಡಿಜೆ ಕೇಳುವ ಕಿವಿ ಬೇಗ ಹಿಡಿಯುತ್ತದೆ. ನಂತರದ ಎರಡು ವಾರ ಕನ್ನಡದ ಮಾತಿರುವುದು: ಮಲ್ಲಿಕಾರ್ಜುನ ಮನಸೂರರ, ಸಿದ್ಧರಾಮ ಜಂಬಲದಿನ್ನಿಯವರ ವಚನಗಳು, ಭೀಮಸೇನ ಜೋಶಿಯವರ ದಾಸರ ಪದಗಳು. ಆಮೇಲೆ ಖಯಾಲಿಗೆ ಬನ್ನಿ, ಅದೂ ಮನಸೂರರಿಂದ ಶುರು ಮಾಡಿ. ಅವರ ಜೈಪುರ-ಅತ್ರೌಲಿ ಘರಾನೆಯ ಗಾಯನ ಬೇಗ ತಾಳಕ್ಕೆ ಇಳಿಯುತ್ತದೆ, ಲಯ ಅಷ್ಟು ನಿಧಾನವಿರುವುದಿಲ್ಲ. ಕಿರಾನಾದ ವಿಸ್ತಾರ ಕೊನೆಗೆ ಬರಲಿ. ಒಂದು ಸಲಕ್ಕೆ ಒಂದೇ ಗುರುತು ಹೇಳಿಕೊಡಿ. ‘ಸಮ್ (ಆವರ್ತನದ ಮೊದಲ ಮಾತ್ರೆ) ಬಂದಾಗ ತೊಡೆ ತಟ್ಟು’ ಎಂದಷ್ಟೇ ಹೇಳಿದರೂ ಸಾಕು, ನಾಲ್ಕೈದು ಆವರ್ತನದಲ್ಲಿ ಅವರೇ ಕಾಯತೊಡಗುತ್ತಾರೆ. ಕಾಯುವುದು ಬಂದಿತೆಂದರೆ ಖಯಾಲು ಹತ್ತಿತು.

ಕೇಳಿಸುವ ಪ್ರಮಾಣದಲ್ಲಿ ಎಚ್ಚರ ಬೇಕು. ಮತ್ತೆ ಮತ್ತೆ ಎದುರಾದದ್ದು ಹಿಡಿಸತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾನ್ಸ್ 1968ರಲ್ಲಿ ತೋರಿಸಿದರು, ಅದು ಗಟ್ಟಿಯಾಗಿ ನಿಂತಿರುವ ಮಾತು. ಆದರೆ ಮೊದಲ ಸಲವೇ ಅಸಹ್ಯವಾದದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಅಸಹ್ಯ ಬೆಳೆಯುವುದೇ ಹೆಚ್ಚು. ಆದ್ದರಿಂದ ಒಂದು ತುಣುಕನ್ನು ವಾರಕ್ಕೆ ಎರಡು ಮೂರು ಸಲ, ಅಡುಗೆ ಮಾಡುವಾಗಲೋ ಚಹಾ ಕುಡಿಯುವಾಗಲೋ, ಅವರು ದಣಿದಿಲ್ಲದ ಹೊತ್ತಿನಲ್ಲಿ ಹಚ್ಚಿ. ಮೂರನೆಯ ಸಲಕ್ಕೂ ಮುಖ ಸಿಂಡರಿಸಿದರೆ ಆ ತುಣುಕು ಬಿಟ್ಟು ಬೇರೆ ತೆಗೆದುಕೊಳ್ಳಿ. ಹಾಡಿನ ಮೇಲೆ ಮಾತಾಡಬೇಡಿ. ‘ಈಗ ನೋಡ್ರಿ, ಕೋಮಲ ಗಾಂಧಾರ’ ಎಂದು ನಡುವೆ ಪಾಠ ಶುರುವಾದರೆ ಅವರಿಗೆ ಶಾಲೆ ನೆನಪಾಗುತ್ತದೆ. ಅವರ ಮುಖವನ್ನೇ ನೋಡುತ್ತ ಕೂರುವುದೂ ಬೇಡ. ಅಹೋರಾತ್ರಿ ಕಛೇರಿಗೆ ಮೊದಲ ವರ್ಷದಲ್ಲೇ ಎಳೆದುಕೊಂಡು ಹೋಗಬೇಡಿ.

ಇಷ್ಟೇ ಶ್ರದ್ಧೆಯಿಂದ ನೀವು ಅವರ ಕಡೆ ನಡೆಯಬೇಕು. ಇದು ಸೌಜನ್ಯಕ್ಕೆ ಹೇಳುವ ಮಾತಲ್ಲ, ನಿಮ್ಮಂಥ ತರಬೇತಾದ ಕಿವಿಗೆ ಅಲ್ಲಿ ಹಿಡಿಯುವುದಕ್ಕೆ ಬೇಕಾದಷ್ಟಿದೆ. ಅವರಿಂದ ಐದು ಹಾಡು ಆರಿಸಿಕೊಡಲು ಹೇಳಿ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ ಕೇಳಿ. ಕೀಬೋರ್ಡಿನ ಅಬ್ಬರ ಸರಿದಾಗ ಕೆಳಗಿನ ಮಟ್ಟು ಕಾಣುತ್ತದೆ: ಎಷ್ಟೋ ಹಾಡುಗಳಲ್ಲಿ ಅದು ಭಜನಿ ಪದದ್ದೋ ಡೊಳ್ಳಿನ ಪದದ್ದೋ ಹಂತಿ ಪದದ್ದೋ ಆಗಿರುತ್ತದೆ. ತಾಳ ಎಣಿಸಿ, ಹೆಚ್ಚಿನವು 8 ಮಾತ್ರೆಯ ಕೆಹರ್ವಾ ಇಲ್ಲವೇ 6 ಮಾತ್ರೆಯ ದಾದ್ರಾದ ನಡೆಯಲ್ಲಿ ಕೂರುತ್ತವೆ. ಅದನ್ನು ಹಾರ್ಮೋನಿಯಂ ಮೇಲೆ ನಿಧಾನವಾಗಿ ನುಡಿಸಿ ಅವರಿಗೆ ಹಾಡಿ ತೋರಿಸಿ. ತಾನು ಮೆಚ್ಚಿದ ಹಾಡು ನಿಮ್ಮ ಬಾಯಲ್ಲಿ ಬಂದಾಗ ಅವರ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ಯಾವ ವಾದವೂ ಸಾಧಿಸಲಾರದು. ಹಾಡಿನಲ್ಲಿ ಬರುವ ಬೀದರ್ ಕಡೆಯ ಮಾತುಗಳ ಅರ್ಥ ಅವರಿಂದಲೇ ಕೇಳಿ ತಿಳಿಯಿರಿ. ಹೇಳಿಕೊಡುವ ಸ್ಥಾನ ಅವರಿಗೂ ಸಿಗಲಿ.

ಒಂದು ಭಾನುವಾರ ಇಬ್ಬರೂ ಹತ್ತು ಹತ್ತು ಹಾಡು ಬರೆದಿಟ್ಟುಕೊಂಡು ಕೂರಿ. ಪ್ರತಿಯೊಂದರ ಪಕ್ಕ ಅದನ್ನು ಮೊದಲು ಕೇಳಿದ ಜಾಗ, ವರ್ಷ. ಹದಿಹರೆಯದಿಂದ ಇಪ್ಪತ್ತರ ನಡುಗಾಲದವರೆಗೆ ಕೇಳಿದ್ದು ಜೀವನವಿಡೀ ಹೆಚ್ಚು ಪ್ರಿಯವಾಗಿರುತ್ತದೆ ಎಂದು ಸಂಶೋಧನೆ ಹೇಳುತ್ತದೆ. 1989ರ ಹೆಸರಾಂತ ಅಧ್ಯಯನವೊಂದರಲ್ಲಿ ಆ ಶಿಖರ 24ರ ವಯಸ್ಸಿನ ಹತ್ತಿರ ಬಂದಿತ್ತು. ಅವರ ಪಟ್ಟಿಯಲ್ಲಿ ಜಾತ್ರೆ, ಹಾಸ್ಟೆಲು, ಗೆಳೆಯನ ಮದುವೆ ಬರುತ್ತವೆ; ನಿಮ್ಮದರಲ್ಲಿ ಗುರುಗಳ ಮನೆ, ಅಪ್ಪನ ರೇಡಿಯೋ. ಒಂದೊಂದಕ್ಕೆ ಐದು ನಿಮಿಷ, ಕೇಳುವವರು ತೀರ್ಪು ಕೊಡುವ ಹಾಗಿಲ್ಲ, ‘ಆಗ ಜೊತಿಗಿ ಯಾರಿದ್ರು?’ ಎಂಬಂಥ ಪ್ರಶ್ನೆ ಮಾತ್ರ ಕೇಳಬಹುದು. ಇಪ್ಪತ್ತನ್ನೂ ಒಂದೇ ದಿನ ಮುಗಿಸಬೇಡಿ, ಎರಡು ಮೂರು ಸಂಜೆಗೆ ಹಂಚಿ.

ಮನೆಯ ಹೊರಗೆ ಇಬ್ಬರಿಗೂ ಸೇರಿದ ನೆಲ ನಿಮ್ಮ ಸುತ್ತಲೇ ಇದೆ, ಬೇರೆ ಊರಿನ ದಂಪತಿಗಳಿಗೆ ಸಿಗದಷ್ಟು. ಹುಮನಾಬಾದಿನಿಂದ ಬೀದರ್ ಒಂದು ತಾಸಿನ ದಾರಿ, ಅಲ್ಲಿನ ಗುರುದ್ವಾರ ನಾನಕ್ ಝೀರಾ ಸಾಹಿಬ್‌ನಲ್ಲಿ ಕೀರ್ತನ ಕೇಳಬಹುದು. ಗುರು ಗ್ರಂಥ ಸಾಹಿಬ್‌ನ ಪದಗಳು 31 ಮುಖ್ಯ ರಾಗಗಳ ಹೆಸರಿನಲ್ಲಿ ಹೊಂದಿಸಲ್ಪಟ್ಟಿವೆ. ಹಾರ್ಮೋನಿಯಂ, ತಬಲಾ, ಮರಳಿ ಮರಳಿ ಬರುವ ಪಲ್ಲವಿ: ನಿಮಗೆ ರಾಗ ಸಿಗುತ್ತದೆ, ಅವರಿಗೆ ಎಲ್ಲರೂ ಸೇರಿ ಹಾಡುವ ಸುಖ. ತಲೆಗೆ ವಸ್ತ್ರ ಕಟ್ಟಿಕೊಂಡು, ಪಾದರಕ್ಷೆ ಬಿಟ್ಟು, ಹಿಂದಿನ ಸಾಲಿನಲ್ಲಿ ಅರ್ಧ ತಾಸು ಕೂತು ಬನ್ನಿ. ಕಲಬುರಗಿಯಲ್ಲಿ ಖ್ವಾಜಾ ಬಂದೇ ನವಾಜರ ದರ್ಗಾ ಇದೆ. 1422ರಲ್ಲಿ ಕಾಲವಾದ ಅವರು ಸಂಗೀತವನ್ನು ಸಾಧನೆಯ ದಾರಿಯೆಂದು ಒಪ್ಪುವ ಚಿಶ್ತಿ ಪರಂಪರೆಯವರು. ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳ ಉರುಸಿನ ಹೊತ್ತಿಗೆ ಖವ್ವಾಲಿ ಕೇಳಲು ಜೊತೆಯಾಗಿ ಹೋಗಿ. ನಿಮ್ಮಿಬ್ಬರ ನಡುವಿನ ಸೇತುವೆ ಯಾವುದೆಂದು ಕೇಳಿದರೆ ಖವ್ವಾಲಿಯೆಂದೇ ಉತ್ತರ. ತಾನ್, ಸರ್ಗಮ್, ರಾಗದ ಬಳಕು ಖಯಾಲಿನವು. ಚಪ್ಪಾಳೆ, ಏರುತ್ತ ಹೋಗುವ ಲಯ, ಮರುಕಳಿಸುವ ಮುಖಡಾ (ಹಾಡಿನ ಮೊದಲ ಸಾಲು) ಅವರಿಗೆ ಬೇಕಾದವು. ಹಳ್ಳಿಗೆ ಹೋದಾಗ ಅಮಾವಾಸ್ಯೆಯ ಭಜನೆಗೆ ಕೂರಿ. ಕಡಕೋಳ ಮಡಿವಾಳಪ್ಪನವರಿಂದ ಹಿಡಿದು ಬಂದ ತತ್ವಪದಗಳು ಈ ನೆಲದಲ್ಲಿ ಏಕತಾರಿ, ದಮ್ಮಡಿ, ಹಾರ್ಮೋನಿಯಂ ಜೊತೆ ಇನ್ನೂ ಜೀವಂತವಾಗಿವೆ. ಅಲ್ಲಿ ಅವರು ಬಲ್ಲವರು, ನೀವು ಕಲಿಯುವವರು. ಮೊಹರಂ ಸಮಯದಲ್ಲಿ ಹಳ್ಳಿಗಳಲ್ಲಿ ಕನ್ನಡದಲ್ಲೇ ಹಾಡುವ ಪದಗಳನ್ನೂ ತಪ್ಪಿಸಬೇಡಿ.

ರೈಲಿನಲ್ಲಿ ದೂರದ ಊರಿಗೆ ಹೋಗುವಾಗ ಒಂದೇ ಇಯರ್‌ಫೋನಿನ ಒಂದೊಂದು ತುದಿ ಹಂಚಿಕೊಳ್ಳುವ ಜೋಡಿಗಳು ಒಂದು ಸಂಗತಿ ಮರೆಯುತ್ತಾರೆ. ಸ್ಟೀರಿಯೋ ಹಾಡಿನಲ್ಲಿ ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ವಾದ್ಯಗಳು ಹಂಚಿರುತ್ತವೆ, ಒಬ್ಬರಿಗೆ ತಬಲಾ ಕಡಿಮೆ, ಇನ್ನೊಬ್ಬರಿಗೆ ದನಿ ಕಡಿಮೆ ಕೇಳಿಸಬಹುದು. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಹಾಕಿಕೊಂಡರೆ ಇಬ್ಬರಿಗೂ ಪೂರಾ ಹಾಡು ಸಿಗುತ್ತದೆ. ಒಬ್ಬರೇ ಕೇಳುವಾಗ ಅದನ್ನು ಮತ್ತೆ ತೆಗೆಯಿರಿ.

ಎರಡು ತಿಂಗಳು ಇಷ್ಟನ್ನು ಮಾಡಿದ ಮೇಲೂ ಅವರಿಗೆ ಖಯಾಲ್ ಹತ್ತದೆ ಇರಬಹುದು. ಆಗ ಬಿಟ್ಟುಬಿಡಿ. ವಾರದಲ್ಲಿ ಎರಡು ಸಂಜೆ, ಒಂದೊಂದು ತಾಸು, ಒಂದು ಕೋಣೆ ನಿಮ್ಮದೇ ಆಗಿರಲಿ. ಆಗ ಅವರು ಗೆಳೆಯರೊಡನೆ ಹೊರಗೆ ಹೋಗಲಿ, ಅಥವಾ ತಮ್ಮ ಹಾಡನ್ನು ಇಯರ್‌ಫೋನಿನಲ್ಲಿ ಕೇಳಲಿ. ಕಛೇರಿಗೆ ನಿಮ್ಮ ಗೆಳತಿಯರ ಜೊತೆ ಹೋಗಿ. ಡಿಜೆ ಕುಣಿತಕ್ಕೆ ಅವರು ಅವರ ಬಳಗದ ಜೊತೆ ಹೋಗಲಿ. ಹಾಡು ಬೇರೆಯಾಗಿ ಉಳಿದರೂ ಗೇಲಿ ನಿಂತಿದೆಯೇ ಎಂಬುದನ್ನು ಗಮನಿಸಿ. ಗೇಲಿ ನಿಲ್ಲದೆ ನಿಮ್ಮ ಅಡುಗೆ, ಮಾತು, ತವರಿನ ಕಡೆಗೂ ಹರಿಯುತ್ತಿದ್ದರೆ ಅದಕ್ಕೆ ಪ್ಲೇಲಿಸ್ಟ್ ಮದ್ದಾಗದು. ಆಗ ಇಬ್ಬರೂ ಸೇರಿ ದಾಂಪತ್ಯ ಆಪ್ತಸಮಾಲೋಚಕರನ್ನು ಕಾಣಿ, ನಿಮ್ಮವರು ಬರಲೊಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ ಮಾತಾಡಿ.